ಹದಿನಾರನೇ ದಿನದ ಮಾತ್ರೆ: ಆರೋಗ್ಯ ಸಚಿವರಿಗೆ ಇಳಕಲ್ಲಿನಿಂದ ಒಂದು ಬಹಿರಂಗ ಪತ್ರ

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೆಯೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ

ಮಾನ್ಯರೆ,

ಇಳಕಲ್ಲಿನಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು ನಾನು. ಡಾಕ್ಟರಲ್ಲ. ಆದರೆ ಡಾಕ್ಟರು ಬರೆದ ಚೀಟಿ ಓದುವುದು, ಅದರಲ್ಲಿರುವುದನ್ನು ಯಾರು ಪೂರ್ತಿ ಒಯ್ದರು, ಯಾರು ಅರ್ಧಕ್ಕೆ ಬಿಟ್ಟರು ಎಂದು ನೋಡುವುದು ನನ್ನ ದಿನದ ಕೆಲಸ. ಈ ಪತ್ರಕ್ಕೆ ನನಗಿರುವ ಅಧಿಕಾರ ಅಷ್ಟೇ. ಚರ್ಮವೂ ಒಳಗಿನ ಅಂಗಗಳೂ ಬಿಗಿದು ಗಟ್ಟಿಯಾಗುವ ಸ್ಕ್ಲೆರೋಡರ್ಮಾ ಎಂಬ ಕಾಯಿಲೆಯವರ ಮಾತ್ರೆಯ ಬಗ್ಗೆ ಬರೆಯುತ್ತಿದ್ದೇನೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನ ಬಗ್ಗೆ ನನ್ನದೇನೂ ಹೊಟ್ಟೆಕಿಚ್ಚಿಲ್ಲ. 2018ರಿಂದ ಈಚೆಗೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಮುರಿದ ತೊಡೆಗೆ ರಾಡ್ ಹಾಕಿಸಿಕೊಂಡವರು ಹೊಲ ಮಾರದೆ ಮನೆಗೆ ಬಂದದ್ದನ್ನು ಕಂಡಿದ್ದೇನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅಂದರೆ ಸಣ್ಣ ಮಾತೇನಲ್ಲ. ಆದರೆ ಆ ಕಾರ್ಡು ಕಣ್ಣು ಬಿಡುವುದು ರೋಗಿ ಆಸ್ಪತ್ರೆಯಲ್ಲಿ ದಾಖಲಾದ ಮೇಲೆ. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನ, ಇಷ್ಟರ ತಪಾಸಣೆ ಮತ್ತು ಔಷಧ ಲೆಕ್ಕಕ್ಕೆ ಬರುತ್ತದೆ. 16ನೇ ದಿನ ಆ ರೋಗಿ ನನ್ನ ಕೌಂಟರಿನ ಮುಂದೆ ನಿಂತಿರುತ್ತಾನೆ. "ಅರ್ಧ ಸ್ಟ್ರಿಪ್ ಕೊಡ್ರಿ ಅಣ್ಣಾರ, ಪಗಾರ ಆದಮ್ಯಾಲೆ ಉಳಿದದ್ದು ಒಯ್ತೀನಿ."

ಆಪರೇಷನ್ ಮುಗಿದರೆ ರೋಗವೂ ಮುಗಿಯುವ ಕಡೆ ಈ ಲೆಕ್ಕ ನಡೆಯುತ್ತದೆ. ಆಪರೇಷನ್ನೇ ಇಲ್ಲದ, ಹತ್ತು ಇಪ್ಪತ್ತು ವರ್ಷ ಓಡಾಡುತ್ತಲೇ ಮಾತ್ರೆ ನುಂಗಬೇಕಾದ ಕಾಯಿಲೆಗಳಿವೆ. ಸ್ಕ್ಲೆರೋಡರ್ಮಾ ಅಂಥದ್ದು. ಲೂಪಸ್, ಶೋಗ್ರೆನ್ಸ್, ಸ್ನಾಯುಗಳ ಉರಿಯೂತದ ಮಯೋಸೈಟಿಸ್, ಕೀಲುವಾತ ಎಲ್ಲ ಇದರ ದಾಯಾದಿಗಳೇ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಮೈಯ ಮೇಲೆಯೇ ತಿರುಗಿ ಬೀಳುವ ಜಾತಿ ಇವು. ನಾನು ಸ್ಕ್ಲೆರೋಡರ್ಮಾವನ್ನೇ ಹಿಡಿದು ಬರೆಯುತ್ತಿರುವುದಕ್ಕೆ ಕಾರಣ, ಅದು ನಮ್ಮ ಮನೆಯಲ್ಲೇ ಇದೆ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಮಗ್ಗದ ಮನೆಯವರು. ಇಳಕಲ್ ಸೀರೆಯ ಸೆರಗಿನ ಹಾಸು ಎಳೆಗಳನ್ನು ಮೈಯ ಹಾಸಿಗೆ ಕೂಡಿಸುವ ಕೆಲಸ ನೋಡಿದವರಿಗೆ ಗೊತ್ತು, ಅದು ಪೂರಾ ಬೆರಳ ತುದಿಯ ಕೆಲಸ. ಒಂದು ಎಳ್ಳ ಅಮಾವಾಸ್ಯೆಯ ಹೊತ್ತಿನ ಥಂಡಿಯಲ್ಲಿ, ನಸುಕಿನ ನೀರಿಗೆ ಕೈ ಹಾಕಿದರೆ ಬೆರಳು ತುದಿಯಿಂದ ಬೆಳ್ಳಗಾಗತೊಡಗಿದವು. ಸ್ವಲ್ಪ ಹೊತ್ತಿಗೆ ನೀಲಿ. ಒಲೆ ಮುಂದೆ ಕೂತರೆ ಕೆಂಪಾಗಿ ಜುಮ್ಮೆನ್ನುವುದು. "ಥಂಡಿ ಹಿಡದದ" ಅಂದರು ಎಲ್ಲರೂ. ಮುಂದೆ ಬೆರಳು ಬಾತುಕೊಂಡವು, ಬಾವು ಇಳಿದ ಮೇಲೆ ಚರ್ಮ ಬಿಗಿಯಿತು. ಬೆರಳಿನ ಮೇಲಿನ ಚರ್ಮವನ್ನು ಚಿವುಟಿ ಎತ್ತಲು ಬಾರದಾಯಿತು. ಜೋಳದ ರೊಟ್ಟಿ ಬಡಿಯಲು ಅಂಗೈ ಪೂರ್ತಿ ಚಪ್ಪಟೆ ಆಗಬೇಕು, ಅದು ಆಗಲಿಲ್ಲ. ಬಾಯಿ ಕಿರಿದಾಯಿತು, ಕಟಕ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೂ ಎದೆಯಲ್ಲೇ ನಿಂತ ಹಾಗೆ ಅನಿಸುವುದು. "ತಮ್ಮಾ, ಕೈಗವಸು ಹಾಕ್ಕೊಂಡು ಹೊಲಿಗಿ ಹಾಕ್ದಂಗ ಆಗ್ಯಾದ ನೋಡು" ಅಂದಿದ್ದರು ಒಮ್ಮೆ.

ಕುತ್ತಿಗೆಯ ಮೇಲೆ ಬಣ್ಣ ಹೋಗಿ ಚುಕ್ಕಿ ಚುಕ್ಕಿ ಆದಾಗ ಓಣಿಯವರು ತೊನ್ನು ಅಂದರು. ಬೆರಳ ತುದಿಯಲ್ಲಿ ಹುಣ್ಣಾಗಿ ಒಣಗದೇ ಇದ್ದಾಗ ಇನ್ನೂ ಕೆಟ್ಟ ಮಾತು ಬಂತು. ಮದುವೆ ಮನೆಯಲ್ಲಿ ಒಬ್ಬಾಕೆ ತಮ್ಮ ತಾಟು ಸರಿಸಿಕೊಂಡು ಕೂತದ್ದನ್ನು ನಾನೇ ನೋಡಿದೆ. ಇದು ಅಂಟುರೋಗವಲ್ಲ. ಕುಷ್ಠವಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ನಿಮ್ಮ ಇಲಾಖೆ ಈ ಎರಡು ಸಾಲನ್ನು ಒಂದು ಗೋಡೆಯ ಮೇಲೆ ಬರೆಸಿದರೂ ಉಪಕಾರ.

ಚರ್ಮದ ಡಾಕ್ಟರು, ಕೀಲಿನ ಡಾಕ್ಟರು, ಪಕ್ಕದ ರಾಜ್ಯದ ಮೀರಜ್ಜು, ಸೊಲ್ಲಾಪುರ ಎಲ್ಲ ಆಯಿತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮೊದಲಿಂದಲೂ ಅದೇ ದಾರಿ. ಕೊನೆಗೆ ಒಬ್ಬ ಎಳೆಯ ಡಾಕ್ಟರು ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಚ್ಚಿ, ಚರ್ಮ ನೋಡುವ ಸಣ್ಣ ಮಸೂರ ಹಿಡಿದು ರಕ್ತನಾಳಗಳನ್ನು ನೋಡಿದರು. ಅಲ್ಲಿನ ಕೂದಲೆಳೆ ನಾಳಗಳು ಕೆಲವು ಉಬ್ಬಿ, ಕೆಲವು ಮಾಯವಾಗಿ ಹೋಗಿದ್ದವು. ಎಎನ್‌ಎ ರಕ್ತಪರೀಕ್ಷೆ, ಅಂದರೆ ಮೈಯ ಮೇಲೆಯೇ ತಿರುಗಿಬಿದ್ದ ಪ್ರತಿಕಾಯ ಹುಡುಕುವ ಪರೀಕ್ಷೆ, ಬರೆದರು. ರೋಗಕ್ಕೆ ಹೆಸರು ಸಿಕ್ಕಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ರೋಗವನ್ನು ಗುರುತಿಸಲು ಕೋಟಿಯ ಮಷೀನು ಬೇಡ. 2013ರಲ್ಲಿ ಅಮೆರಿಕ ಮತ್ತು ಯುರೋಪಿನ ವಾತರೋಗ ತಜ್ಞರು ಸೇರಿ ಮಾಡಿದ ಅಂಕಗಳ ಪಟ್ಟಿಯಲ್ಲಿ, ಎರಡೂ ಕೈಯ ಬೆರಳ ಚರ್ಮ ಗಟ್ಟಿಯಾಗಿ ಅದು ಬೆರಳ ಬುಡದ ಗೆಣ್ಣು ದಾಟಿ ಮೇಲೇರಿದ್ದರೆ ಅದೊಂದಕ್ಕೇ 9 ಅಂಕ. 9 ಅಂದರೆ ಪಾಸು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಚಿವುಟಿ ನೋಡಿ ಅನುಮಾನ ಪಡಬಹುದಾದ ರೋಗ ಇದು. ಚಳಿಗೆ ಬಣ್ಣ ಬದಲಿಸುವ ಬೆರಳು, ಬಾತುಕೊಂಡ ಬೆರಳು, ಎಎನ್‌ಎ ಪಾಸಿಟಿವ್: ಈ ಮೂರು ಕೂಡಿದರೆ ತಜ್ಞರ ಕಡೆ ಕಳಿಸಿ ಎಂದು ಒಂದು ಸುತ್ತೋಲೆ ಸಾಕು. ಅಪರೂಪದ ರೋಗ ಅನ್ನುವುದು ನಿಜ. ಆದರೆ ಅಪರೂಪ ಅನ್ನುವುದನ್ನೇ ನೆಪ ಮಾಡಿಕೊಂಡು ಹುಡುಕದೇ ಬಿಟ್ಟರೆ ಅದು ಇನ್ನಷ್ಟು ಅಪರೂಪವಾಗಿಯೇ ಕಾಣುತ್ತದೆ.

ಇನ್ನು ಔಷಧದ ಮಾತು. "ಇದಕ್ಕೆ ಔಷಧಿ ಇಲ್ಲಂತ" ಎಂದು ಕೈಚೆಲ್ಲುವವರು ಡಾಕ್ಟರುಗಳಲ್ಲೂ ಇದ್ದಾರೆ. ಬುಡಸಮೇತ ಕೀಳುವ ಔಷಧ ಇಲ್ಲ, ಒಪ್ಪಿದೆ. ಆದರೆ ಒಂದೊಂದು ಅಂಗಕ್ಕೂ ಆಗುವ ಹಾನಿಯನ್ನು ತಡೆಯುವ, ನಿಧಾನ ಮಾಡುವ ಔಷಧಗಳಿವೆ. ಅವು ನನ್ನಂಥವನ ಕಪಾಟಿನಲ್ಲೂ ಸಿಗುತ್ತವೆ.

ಬೆರಳಿನ ರಕ್ತನಾಳ ಹಿಗ್ಗಿಸಲು ಮೊದಲು ಕೊಡುವುದು ನಿಫೆಡಿಪಿನ್, ಬಿಪಿಯ ಹಳೆಯ ಅಗ್ಗದ ಮಾತ್ರೆ. ಅದು ಸಾಲದಿದ್ದರೆ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್. ಈ ಹೆಸರಿನ ಕಥೆ ಬೇರೆ, ವಯಾಗ್ರದಲ್ಲಿರುವುದೂ ಸಿಲ್ಡೆನಾಫಿಲ್ಲೇ. ಒಬ್ಬ ಹುಡುಗ ಅವನ ತಾಯಿಯ ಚೀಟಿಯಲ್ಲಿದ್ದ ಸಿಲ್ಡೆನಾಫಿಲ್ ಒಯ್ದು, ಮೊಬೈಲಿನಲ್ಲಿ ಹುಡುಕಿ ನೋಡಿ, ಸಿಟ್ಟಿನಿಂದ ಕೆಂಪಾಗಿ ವಾಪಸು ಬಂದ. "ನಮ್ಮವ್ವಗ ಇದನ್ಯಾಕ್ ಕೊಟ್ರಿ?" ಅದೇ ಮಾತ್ರೆ ಬೆರಳಿನ ನಾಳವನ್ನೂ ಶ್ವಾಸಕೋಶದ ನಾಳವನ್ನೂ ಸಡಿಲಿಸುತ್ತದೆ, ನಿಮ್ಮ ಅವ್ವನ ಬೆರಳ ತುದಿ ಕಪ್ಪಾಗಿ ಬೀಳದಿರಲಿ ಎಂದು ಡಾಕ್ಟರು ಬರೆದಿದ್ದಾರೆ ಎಂದು ಕೂರಿಸಿ ತಿಳಿಸಬೇಕಾಯಿತು. ಆಸ್ಪತ್ರೆಯಲ್ಲಿ ಎರಡು ನಿಮಿಷ ಕನ್ನಡದಲ್ಲಿ ಹೇಳಿ ಕಳಿಸಿದ್ದರೆ ಅವನು ಮೂರು ದಿನ ಆ ಮಾತ್ರೆಯನ್ನು ಅವ್ವನಿಂದ ಮುಚ್ಚಿಡುತ್ತಿರಲಿಲ್ಲ. ಹುಣ್ಣು ಮತ್ತೆ ಮತ್ತೆ ಏಳುವವರಿಗೆ ಬೋಸೆಂಟಾನ್ ಇದೆ. ಇದ್ದ ಹುಣ್ಣು ಮಾಯಿಸುವುದಕ್ಕಲ್ಲ, ಹೊಸದು ಏಳದಿರಲಿ ಎಂದು. ಲಿವರ್ ಪರೀಕ್ಷೆ ತಿಂಗಳಿಗೊಮ್ಮೆ ಆಗಬೇಕು. ಬೀಡಿ, ತಂಬಾಕು ಬಿಡುವುದು ಇವೆಲ್ಲಕ್ಕಿಂತ ಮೊದಲು.

ಕಿಡ್ನಿಯದು ಬೇರೆಯೇ ಆಟ. ಚರ್ಮ ಬೇಗ ಬೇಗ ಬಿಗಿಯುತ್ತಿರುವವರಲ್ಲಿ ಒಮ್ಮೆಲೇ ಬಿಪಿ ಏರಿ ಕಿಡ್ನಿ ನಿಲ್ಲಬಹುದು. ಒಂದು ಕಾಲಕ್ಕೆ ಹಾಗಾದರೆ ಬಹುತೇಕ ಸಾವೇ. ಕ್ಯಾಪ್ಟೋಪ್ರಿಲ್ ಜಾತಿಯ ಮಾತ್ರೆಗಳು ಬಂದ ಮೇಲೆ, ತಡಮಾಡದೆ ಶುರು ಮಾಡಿದರೆ ಉಳಿಯುವವರು ಹೆಚ್ಚಾದರು. ಅಂದರೆ ಜೀವ ಉಳಿಸುವುದು ಮನೆಯಲ್ಲೊಂದು ಬಿಪಿ ನೋಡುವ ಯಂತ್ರ ಮತ್ತು "ಏರಿದರೆ ಅವತ್ತೇ ಬಾ" ಅನ್ನುವ ಒಂದು ಮಾತು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಆಶಾ ಕಾರ್ಯಕರ್ತೆಯರಿಗೆ ಈ ಮನೆಗಳ ಪಟ್ಟಿ ಕೊಟ್ಟರೆ ಆಯಿತು.

ಇದೇ ಜಾಗದಲ್ಲಿ ನನ್ನ ಹೊಟ್ಟೆ ಉರಿಯುವ ಸಂಗತಿಯೊಂದಿದೆ. ಸ್ಟೀರಾಯ್ಡ್. ಕೈ ಬಾತಿದೆ, ಕೀಲು ನೋವಿದೆ ಅಂದ ಕೂಡಲೇ ಪ್ರೆಡ್ನಿಸೊಲೋನ್ ಬರೆಯುತ್ತಾರೆ. ಮೊದಲ ವಾರ ಹಗುರ ಅನಿಸುತ್ತದೆ, ರೋಗಿಗೆ ಅದೇ ಅಮೃತ. ಆಮೇಲೆ ಅದೇ ಚೀಟಿ, ಮಡಿಕೆ ಹರಿದು ನಾಲ್ಕು ತುಂಡಾಗಿ ಟೇಪು ಹಚ್ಚಿದ್ದು, ವರ್ಷಗಟ್ಟಲೆ ಅಂಗಡಿಯಿಂದ ಅಂಗಡಿಗೆ ತಿರುಗುತ್ತದೆ. ಲೂಪಸ್ಸಿನಲ್ಲಿ ಸ್ಟೀರಾಯ್ಡ್ ಪ್ರಾಣ ಉಳಿಸಬಹುದು. ಆದರೆ ಸ್ಕ್ಲೆರೋಡರ್ಮಾದಲ್ಲಿ ದಿನಕ್ಕೆ 15 ಮಿಲಿಗ್ರಾಂ ಮೀರಿದರೆ ಈಗ ಹೇಳಿದ ಆ ಕಿಡ್ನಿ ಗಂಡಾಂತರದ ಭಯ ಹೆಚ್ಚುತ್ತದೆ. ಒಂದೇ ಮನೆತನದ ರೋಗಗಳಾದರೂ ಒಂದರ ಔಷಧ ಇನ್ನೊಂದಕ್ಕೆ ವಿಷವಾಗಬಹುದು. ತಜ್ಞರೇ ಬೇಕು ಅನ್ನುವುದು ಅದಕ್ಕೇ. ಕೀಲುವಾತಕ್ಕೂ ಚರ್ಮದ ಬಿಗಿತಕ್ಕೂ ಕೊಡುವ ಮೆಥೊಟ್ರೆಕ್ಸೇಟ್ ಬಗ್ಗೆಯೂ ಹೀಗೆಯೇ: ವಾರಕ್ಕೊಮ್ಮೆ ನುಂಗುವ ಮಾತ್ರೆ ಅದು. ದಿನಾ ನುಂಗಿದರೆ ರಕ್ತದ ಕಣಗಳೇ ಕುಸಿಯುತ್ತವೆ. ನಾನು ಸ್ಟ್ರಿಪ್ಪಿನ ಮೇಲೆ ಪೆನ್ನಿನಿಂದ "ಸೋಮವಾರ ಮಾತ್ರ" ಎಂದು ಬರೆದು ಕೊಡುತ್ತೇನೆ, ಓದಲು ಬಾರದವರಿಗೆ ಸಂತೆಯ ದಿನ ನೆನಪಿಡಿ ಅನ್ನುತ್ತೇನೆ.

ಹೆಚ್ಚು ಜನರ ಪ್ರಾಣ ತೆಗೆಯುವುದು ಶ್ವಾಸಕೋಶ. ಚರ್ಮದ ಹಾಗೆ ಅದೂ ಗಟ್ಟಿಯಾಗುತ್ತದೆ. ಇಲ್ಲವೇ ಅದರ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮಲ್ಲಿ ಕೆಮ್ಮು ಅಂದರೆ ಮೊದಲು ಟಿಬಿ ನೆನಪಾಗುತ್ತದೆ, ಅದು ತಪ್ಪಲ್ಲ, ನೋಡಲೇಬೇಕು. ಕಫದಲ್ಲಿ ಏನೂ ಸಿಗದಿದ್ದಾಗ ಬೆರಳು ನೋಡುವವರು ಬೇಕು. ಪುಪ್ಪುಸದ ಈ ಗಟ್ಟಿತನಕ್ಕೆ ಹಿಂದೆ ಸೈಕ್ಲೊಫಾಸ್ಫಮೈಡ್ ಕೊಡುತ್ತಿದ್ದರು, ಕ್ಯಾನ್ಸರ್ ಔಷಧ, ಕಾಟವೂ ಹಾಗೇ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮೈಕೊಫೆನೊಲೇಟ್ ಮಾತ್ರೆ ಅದರಷ್ಟೇ ಕೆಲಸ ಮಾಡುತ್ತದೆ, ಕಾಟ ಕಡಿಮೆ ಎಂದು ತೋರಿಸಿತು. 2019ರಲ್ಲಿ ನಿಂಟೆಡಾನಿಬ್ ಬಂತು. 576 ರೋಗಿಗಳ ಮೇಲೆ ವರ್ಷವಿಡೀ ನಡೆದ ಪರೀಕ್ಷೆಯಲ್ಲಿ, ಔಷಧವಿಲ್ಲದ ಸುಳ್ಳು ಮಾತ್ರೆ ನುಂಗಿದವರ ಉಸಿರಿನ ಪ್ರಮಾಣ ವರ್ಷಕ್ಕೆ ಸುಮಾರು 93 ಮಿಲಿಲೀಟರ್ ಇಳಿದರೆ, ಇದನ್ನು ನುಂಗಿದವರದ್ದು 52. ಚರ್ಮಕ್ಕೆ ಇದರಿಂದ ಉಪಯೋಗವಿಲ್ಲ, ಹೊಟ್ಟೆ ಕೆಡಿಸುತ್ತದೆ, ಆದರೆ ಉಸಿರು ಉಳಿಸುತ್ತದೆ. ನಮ್ಮ ದೇಶದ ಕಂಪನಿಗಳೇ ಈಗ ಇದನ್ನು ತಯಾರಿಸುತ್ತವೆ. ಟೊಸಿಲಿಜುಮಾಬ್, ರಿಟುಕ್ಸಿಮಾಬ್ ಚುಚ್ಚುಮದ್ದುಗಳೂ ಇವೆ. ತೀರಾ ಬೇಗ ಕೆಡುತ್ತಿರುವ ಕೆಲವರಿಗೆ ಅವರದೇ ಕಾಂಡಕೋಶ ತೆಗೆದು ಮರುಸೇರಿಸುವ ಚಿಕಿತ್ಸೆಯೂ ಇದೆ, ಅದರಲ್ಲೇ ಜೀವಕ್ಕೆ ಅಪಾಯವೂ ಇದೆ. ಅದರ ಮಾತು ದೊಡ್ಡ ಆಸ್ಪತ್ರೆಗಳಿಗೆ ಇರಲಿ.

ಈಗ ಅಂಗಡಿಯ ಲೆಕ್ಕ ಕೇಳಿ. ಮೈಕೊಫೆನೊಲೇಟ್ ದಿನಕ್ಕೆ 2ರಿಂದ 3 ಗ್ರಾಂ ಬೇಕು. ಮಾತ್ರೆ 500 ಮಿಲಿಗ್ರಾಮಿನದು. ಅಂದರೆ ದಿನಕ್ಕೆ 4ರಿಂದ 6. ಹತ್ತು ಮಾತ್ರೆಯ ಸ್ಟ್ರಿಪ್ ಎರಡು ದಿನಕ್ಕೆ ಮುಗಿಯಿತು. ಕಲ್ಲಿನ ಕಾರ್ಖಾನೆಯಲ್ಲಿ ದಿನಗೂಲಿ ಮಾಡುವವನೋ ಕಂಡಿಕೆ ಸುತ್ತುವ ಹೆಂಗಸೋ ಇದನ್ನು ತಿಂಗಳು ತಿಂಗಳು ವರ್ಷಗಟ್ಟಲೆ ಕೊಳ್ಳಬಲ್ಲರೇ? ಕೊಳ್ಳುವುದಿಲ್ಲ. ಬೆಳಗಿನದು ನುಂಗಿ ಸಂಜೆಯದು ಬಿಡುತ್ತಾರೆ, ಎರಡು ತಿಂಗಳು ನುಂಗಿ ಮೂರು ತಿಂಗಳು ಬಿಡುತ್ತಾರೆ. ಉಸಿರು ಕಟ್ಟಿ ಐಸಿಯು ಸೇರಿದ ದಿನ ನಿಮ್ಮ ಕಾರ್ಡು ಕೆಲಸ ಶುರು ಮಾಡುತ್ತದೆ. ಐಸಿಯುದ ಒಂದು ವಾರಕ್ಕೆ ಸರ್ಕಾರ ತುಂಬುವ ಹಣದಲ್ಲಿ ಎಷ್ಟು ತಿಂಗಳ ಮಾತ್ರೆ ಬರುತ್ತಿತ್ತು ಎಂದು ನಿಮ್ಮ ಲೆಕ್ಕದ ವಿಭಾಗದವರೇ ಕೂಡಿಸಿ ನೋಡಲಿ.

ಈ ತೆರವಿನಲ್ಲಿ ನುಗ್ಗುವವರು ಬೇರೆ. ಹೆಸರಿಲ್ಲದ ಡಬ್ಬಿಯ ಪುಡಿ ಕೊಡುವವರು, ಎರಡೇ ದಿನಕ್ಕೆ ನೋವು ಮಾಯ ಅನ್ನುವವರು. ಅಷ್ಟು ಬೇಗ ನೋವು ಹೋದರೆ ಅದರಲ್ಲಿ ಏನು ಬೆರೆಸಿರಬಹುದು ಎಂದು ನನ್ನ ವೃತ್ತಿಯವರಿಗೆ ಅನುಮಾನ ಬರಲೇಬೇಕು. ಇನ್ನು ಕೆಲವರು ಮೊಬೈಲ್ ಹಿಡಿದು ಬಂದು ಮಿನೊಸೈಕ್ಲಿನ್ ಕೇಳುತ್ತಾರೆ, ಆಂಟಿಬಯಾಟಿಕ್‌ನಿಂದ ಸ್ಕ್ಲೆರೋಡರ್ಮಾ ಪೂರ್ತಿ ವಾಸಿಯಾಗುತ್ತದಂತೆ. ಆ ಆಸೆ ಹುಟ್ಟಿದ್ದು ಸುಮ್ಮನೆ ಅಲ್ಲ. 1998ರಲ್ಲಿ ಬರೀ 11 ರೋಗಿಗಳ ಒಂದು ಸಣ್ಣ ಅಧ್ಯಯನದಲ್ಲಿ ಕೆಲವರ ಚರ್ಮ ಸಡಿಲವಾದದ್ದು ವರದಿಯಾಗಿತ್ತು. 2004ರಲ್ಲಿ ಹಲವು ಆಸ್ಪತ್ರೆಗಳು ಸೇರಿ ನೋಡಿದಾಗ ಉಪಯೋಗ ಕಾಣಲಿಲ್ಲ. ಈ ರೋಗದಲ್ಲಿ ಕೆಲವರ ಚರ್ಮ ವರ್ಷಗಳ ಮೇಲೆ ತಾನಾಗಿಯೇ ಮೆತ್ತಗಾಗುವುದುಂಟು, ಆಗ ಕೈಯಲ್ಲಿದ್ದ ಔಷಧಕ್ಕೆ ಹೆಸರು ಬರುತ್ತದೆ. ಚರ್ಮ ಸಡಿಲಿಸಲೆಂದು ಕೊಡುತ್ತಿದ್ದ ಡಿ-ಪೆನಿಸಿಲಮೈನ್ ಕೂಡ ದಶಕಗಟ್ಟಲೆ ನಡೆದು, 1999ರ ಪರೀಕ್ಷೆಯಲ್ಲಿ ದೊಡ್ಡ ಡೋಸಿಗೂ ಚಿಟಿಕೆ ಡೋಸಿಗೂ ವ್ಯತ್ಯಾಸವಿಲ್ಲ ಎಂದು ತಿಳಿದ ಮೇಲೆ ಹಿಂದೆ ಸರಿಯಿತು. ನಾನು ಇದನ್ನೆಲ್ಲ ಕೌಂಟರಿನಲ್ಲಿ ನಿಂತು ಹೇಳಿದರೆ "ನೀ ಏನ್ ಡಾಕ್ಟರೇನು" ಅನ್ನುತ್ತಾರೆ. ನ್ಯಾಯವೇ. ಹೇಳಬೇಕಾದ ಡಾಕ್ಟರು ರಾತ್ರಿ ಬಸ್ಸಿನ ದೂರದಲ್ಲಿದ್ದಾರೆ.

ಬಸ್ಸಿನ ಮಾತು ಬಂತು. ಈ ರೋಗಗಳ ತಜ್ಞರನ್ನು ರುಮಟಾಲಜಿಸ್ಟ್ ಅನ್ನುತ್ತಾರೆ, ಹೆಚ್ಚಿನವರು ಬೆಂಗಳೂರಿನಲ್ಲೇ. ರಾತ್ರಿ ಸ್ಲೀಪರಿನಲ್ಲಿ ಏಸಿ ಮುಖದ ಮೇಲೇ ಬೀಸುತ್ತದೆ. ವೈನಿ ಉಣ್ಣೆಯ ಕೈಗವಸು, ಅದರ ಮೇಲೆ ಅಣ್ಣನ ಕಾಲುಚೀಲ, ಅದರ ಮೇಲೆ ಶಾಲು ಸುತ್ತಿಕೊಂಡು ಕೂರುತ್ತಾರೆ. ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ಬಸ್ಸು ಹತ್ತುವಾಗ ಹಾಗೆ ಸುತ್ತಿಕೊಂಡವರನ್ನು ಕಂಡಕ್ಟರು ಅನುಮಾನದಿಂದ ನೋಡುತ್ತಾನೆ. ಹೋಗಿ ಬರುವ ಖರ್ಚು, ಜೊತೆಗೆ ಬಂದವರ ಕೂಲಿ, ಲಾಡ್ಜು. ಡಾಕ್ಟರು ನೋಡುವುದು ಹತ್ತು ನಿಮಿಷ, ಬರೆಯುವುದು ಅದೇ ಮಾತ್ರೆ, ಅದೇ ರಕ್ತಪರೀಕ್ಷೆ. ಆ ಹತ್ತು ನಿಮಿಷವನ್ನು ಪರದೆಯ ಮೇಲೆ ಡಾಕ್ಟರನ್ನು ತೋರಿಸುವ ಸರ್ಕಾರಿ ಸೇವೆ ಇ-ಸಂಜೀವಿನಿಯಲ್ಲಿ, ಜಿಲ್ಲಾ ಆಸ್ಪತ್ರೆಯ ಫಿಜಿಷಿಯನ್ ಪಕ್ಕದಲ್ಲಿ ಕೂತು ಚರ್ಮ ಚಿವುಟಿ ಹೇಳುತ್ತಿದ್ದರೆ, ಬೆಂಗಳೂರಿನಿಂದಲೇ ನೋಡಬಹುದು.

ನಮ್ಮೂರಿನ ಇನ್ನೊಂದು ವಿಷಯ. ಇಳಕಲ್ಲಿನ ಕೆಂಪು ಗ್ರಾನೈಟು ವಿದೇಶಕ್ಕೂ ಹೋಗುತ್ತದೆ. ಅದನ್ನು ಕೊರೆಯುವಾಗ, ಸೀಳುವಾಗ, ಪಾಲಿಶ್ ಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕೆಲಸದವರಲ್ಲಿ ಸ್ಕ್ಲೆರೋಡರ್ಮಾ ಕಾಣುತ್ತದೆ ಎಂದು ಎಡಿನ್‌ಬರೋದ ಡಾಕ್ಟರ್ ಬ್ರಾಮ್‌ವೆಲ್ 1914ರಲ್ಲೇ ಬರೆದಿದ್ದರು. 1957ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕೆಲಸಗಾರರಲ್ಲಿ ಎರಾಸ್ಮಸ್ ಎಂಬವರು ಅದನ್ನೇ ಕಂಡರು. ಈ ರೋಗ ಹೆಂಗಸರಿಗೇ ಹೆಚ್ಚು, ನಮ್ಮ ವೈನಿ ಕಲ್ಲಿನ ಕೆಲಸಕ್ಕೆ ಹೋದವರೂ ಅಲ್ಲ, ಎಲ್ಲವನ್ನೂ ಧೂಳಿನ ತಲೆಗೆ ಕಟ್ಟಲು ಬರುವುದಿಲ್ಲ. ಆದರೆ ಗಂಡಸೊಬ್ಬನಿಗೆ ಬಂದರೆ "ಏನ್ ಕೆಲಸ ಮಾಡ್ತಿದ್ದಿ?" ಎಂಬ ಪ್ರಶ್ನೆ ಕೇಳಲೇಬೇಕು. ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕಲ್ಲಿನ ಕೆಲಸಗಾರರ ಎದೆಯ ಎಕ್ಸ್‌ರೇ ತೆಗೆಯುವ ಶಿಬಿರಗಳಲ್ಲಿ ಅವರ ಬೆರಳನ್ನೂ ಒಮ್ಮೆ ಚಿವುಟಿ ನೋಡಿ ಎಂದು ಆದೇಶ ಹೊರಡಿಸಲು ದುಡ್ಡು ಖರ್ಚಾಗುವುದಿಲ್ಲ. ನೀರು ಬಿಟ್ಟು ಕೊರೆಯುವುದು ಕಡ್ಡಾಯ ಮಾಡಿ, ಅದನ್ನು ನೋಡಲು ಇನ್ಸ್‌ಪೆಕ್ಟರು ನಿಜವಾಗಿ ಬರಲಿ.

ದೀರ್ಘಕಾಲದ ಔಷಧವನ್ನು ಸರ್ಕಾರ ಪುಕ್ಕಟೆ ಕೊಡುತ್ತಾ ಹೋದರೆ ಬೊಕ್ಕಸ ಬರಿದಾಗುತ್ತದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಅವರಿಗೆ ನಮ್ಮ ಜಿಲ್ಲೆಯನ್ನೇ ತೋರಿಸಿ. ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. 2004ರ ಏಪ್ರಿಲಿನಿಂದ ದೇಶದಲ್ಲಿ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಉಚಿತವಾಯಿತು. ಕೇಂದ್ರಕ್ಕೆ ಹೋಗಿ ಪುಸ್ತಕದಲ್ಲಿ ಬರೆಸಿ, ತಿಂಗಳ ಮಾತ್ರೆ ಒಯ್ದು, ರಕ್ತ ಪರೀಕ್ಷೆ ಮಾಡಿಸಿ, ಹೊಲಕ್ಕೆ ಹೋಗಿ ದುಡಿದು ಮಕ್ಕಳ ಮದುವೆ ಮಾಡಿದವರನ್ನು ನಾನು ಬಲ್ಲೆ. ಯಾರನ್ನೂ ಮಂಚದ ಮೇಲೆ ಮಲಗಿಸಿ ಕಾರ್ಡು ಕೇಳಲಿಲ್ಲ. ಅದೇ ಕಟ್ಟಡ, ಅದೇ ಪುಸ್ತಕ, ಅದೇ ಪದ್ಧತಿ. ಈ ರೋಗಿಗಳು ಅದರ ಒಂದು ಸಣ್ಣ ಪಾಲಿನಷ್ಟೂ ಆಗಲಾರರು.

ನನ್ನ ಕೋರಿಕೆ ಇಷ್ಟು. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ, ಸ್ಕ್ಲೆರೋಡರ್ಮಾ ಮತ್ತು ಅದರ ದಾಯಾದಿ ರೋಗಗಳವರನ್ನು ಒಂದೇ ಕಡೆ ನೋಡಲಿ. ತಜ್ಞರು ಬಂದರೆ ಸಂತೋಷ, ಬರದಿದ್ದರೆ ಪರದೆಯ ಮೇಲೆ. ಆ ದಿನ ಬಿಪಿ, ಮೂತ್ರ, ರಕ್ತ, ಉಸಿರು ಊದುವ ಪರೀಕ್ಷೆ ಆಗಲಿ, ವರ್ಷಕ್ಕೊಮ್ಮೆ ಹೃದಯದ ಎಕೋ ಆಗಲಿ; ಶ್ವಾಸಕೋಶದ ಸಿಟಿ ಸ್ಕ್ಯಾನ್ ರೋಗ ಗೊತ್ತಾದಾಗ ಒಮ್ಮೆ, ಆಮೇಲೆ ಬೇಕಾದಾಗ. ಫಿಜಿಯೋಥೆರಪಿಸ್ಟ್ ಇದ್ದೇ ಇರುತ್ತಾರೆ. ಬಿಸಿ ಮೇಣದಲ್ಲಿ ಕೈ ಅದ್ದಿಸಿ ಬೆರಳು ಚಾಚಿಸುವುದು, ಬಾಯಿ ಅಗಲಿಸುವ ವ್ಯಾಯಾಮ ಹೇಳಿಕೊಡುವುದು ಅವರಿಗೆ ಕಷ್ಟವಲ್ಲ. ವೈನಿ ಇದನ್ನು ಮನೆಯಲ್ಲೇ ಮಾಡುತ್ತಾರೆ, ಈಗ ಮುಷ್ಟಿ ಅರ್ಧ ಮಡಿಸಲು ಬರುತ್ತದೆ, ಎಳೆ ಕೂಡಿಸಲು ಇನ್ನೂ ಬರುವುದಿಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ಈ ರೋಗದ ಹೆಸರಿಲ್ಲ, ಸರಿ. ಆದರೆ ಮಡಿಸಲು ಬಾರದ ಕೈ ಚಲನೆಯ ವೈಕಲ್ಯವೇ. ಪ್ರಮಾಣಪತ್ರಕ್ಕೆ ಹೋದವರನ್ನು "ಬೆರಳು ಇವೆಯಲ್ಲ" ಎಂದು ವಾಪಸು ಕಳಿಸದಂತೆ ಮಂಡಳಿಗಳಿಗೆ ತಿಳಿಸಿ.

ಕೊನೆಯದಾಗಿ, ಔಷಧ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಜಿಲ್ಲಾ ಆಸ್ಪತ್ರೆಗಳ ಮುಂದಿನ ಬೇಡಿಕೆ ಪಟ್ಟಿ ತರಿಸಿಕೊಳ್ಳುವಾಗ ಮೈಕೊಫೆನೊಲೇಟ್, ಟಡಲಾಫಿಲ್, ಬೋಸೆಂಟಾನ್, ಲೂಪಸ್ ಮತ್ತು ಕೀಲುವಾತದವರಿಗೆ ಕೊಡುವ ಹೈಡ್ರಾಕ್ಸಿಕ್ಲೊರೊಕ್ವಿನ್, ನಿಂಟೆಡಾನಿಬ್ ಈ ಐದನ್ನೂ ಹೊರರೋಗಿಗಳಿಗೆಂದು ಸೇರಿಸಲು ಆದೇಶ ಕೊಡಿ. ಮೈಕೊಫೆನೊಲೇಟ್ ಗರ್ಭದಲ್ಲಿನ ಮಗುವಿಗೆ ಕೇಡು ಮಾಡುತ್ತದೆ ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಹಾಕಿಸಿ. ಹಾಗಾದರೆ ನನ್ನ ಅಂಗಡಿಗೆ ಒಂದಿಷ್ಟು ವ್ಯಾಪಾರ ಕಡಿಮೆಯಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದೇಶದ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಯ ಫಲಕಕ್ಕೆ ಹಚ್ಚಿಸಿ. ನಾನು ಅದರ ಫೋಟೋ ತೆಗೆದು ಕೌಂಟರಿಗೆ ಅಂಟಿಸಿ, ಬಂದವರನ್ನು ಅಲ್ಲಿಗೇ ಕಳಿಸುತ್ತೇನೆ.

ಇಂತಿ,
ಇಳಕಲ್ಲಿನ ಒಬ್ಬ ಔಷಧ ವ್ಯಾಪಾರಿ